ಒಂದೇ ಬೂಷ್ಟಿನ ಬಂಧುಗಳು

ಜಪಾನಿ ಭಾಷೆಯಲ್ಲಿ ಮೀನಿಗೆ ‘ಸಕನ’ ಎನ್ನುತ್ತಾರೆ. ಆ ಪದವನ್ನು ಬಿಡಿಸಿ ನೋಡಿದರೆ ಒಳಗೆ ಮೀನು ಎಲ್ಲಿಯೂ ಇಲ್ಲ. ‘ಸಕ’ ಎಂದರೆ ಸಾಕೆ, ಅಂದರೆ ಅಕ್ಕಿಯಿಂದ ಹುದುಗಿಸಿದ ಮದ್ಯ. ‘ನ’ ಎಂದರೆ ಜೊತೆಗೆ ನಂಚಿಕೊಳ್ಳುವ ಪದಾರ್ಥ. ಸಾಕೆ ಕುಡಿಯುವಾಗ ನಂಚಿಕೊಳ್ಳಲು ಏನಿಟ್ಟರೂ ಒಂದು ಕಾಲದಲ್ಲಿ ಅದು ಸಕನವೇ ಆಗಿತ್ತು. ತಲೆಮಾರುಗಳ ಕಾಲ ಆ ಜಾಗದಲ್ಲಿ ಮೀನೇ ಹೆಚ್ಚಾಗಿ ಬಂದು ಕೂತಿದ್ದರಿಂದ ಕೊನೆಗೆ ಮೀನಿಗೇ ಆ ಹೆಸರು ಅಂಟಿಕೊಂಡಿತು. ನಂಚಿಕೆಯಾಗಿ ಬಂದದ್ದು ಹೆಸರನ್ನೇ ತನ್ನದಾಗಿಸಿಕೊಂಡ ಕಥೆ ಇದು.

ಒಂದು ಪಾನೀಯ ಮತ್ತು ಒಂದು ಆಹಾರ ಇಷ್ಟು ದೀರ್ಘಕಾಲ ಹೊಂದಿಕೊಂಡು ಬಾಳಿವೆ ಎಂದರೆ ಅದಕ್ಕೆ ರೂಢಿಯೊಂದೇ ಕಾರಣವಾಗಿರಲಾರದು. ಜಪಾನಿನ ಸಾಕೆ ತಯಾರಕರಲ್ಲಿ ಒಂದು ಮಾತಿದೆ: ಸಾಕೆ ಊಟದೊಡನೆ ಜಗಳವಾಡುವುದಿಲ್ಲ. ಕೇಳಲು ಇದು ತಮ್ಮ ಸರಕನ್ನು ತಾವೇ ಹೊಗಳಿಕೊಂಡಂತೆ ಇದೆ. ಆದರೆ ಕಳೆದ ನೂರಿಪ್ಪತ್ತು ವರ್ಷಗಳ ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಈ ಮಾತಿಗೆ ಒಂದೊಂದಾಗಿ ಸಾಕ್ಷಿ ಹೇಳುತ್ತ ಬಂದಿವೆ. ಆ ಸಾಕ್ಷಿಗಳನ್ನು ಕೇಳಿದ ಮೇಲೆ ಸುಶಿ, ಹಸಿಮೀನಿನ ಸಾಶಿಮಿಗಳನ್ನು ದಾಟಿ ಕೊರಿಯಾ, ಥಾಯ್ಲೆಂಡ್, ಪೆರುಗಳ ರುಚಿ ಬೆರೆತ ಹೊಸ ತಟ್ಟೆಗಳಿಗೂ ಸಾಕೆ ಹೇಗೆ ಹೊಂದುತ್ತದೆ ಎಂಬುದು ತಿಳಿಯಾಗುತ್ತದೆ.

ಜಗಳದ ಮೂಲ ಕಬ್ಬಿಣ

ಮೊದಲು ಜಗಳವಾಡುವ ಜೋಡಿಯೊಂದನ್ನು ನೋಡೋಣ. ಕೆಂಪು ವೈನ್ ಗುಟುಕರಿಸಿ ಚಿಪ್ಪುಮೀನಿನ ತುಂಡೊಂದನ್ನು ಬಾಯಿಗಿಟ್ಟರೆ, ಎರಡೂ ಉತ್ತಮ ದರ್ಜೆಯವೇ ಆಗಿದ್ದರೂ, ಕೆಲವೊಮ್ಮೆ ಗಂಟಲಿನ ಹಿಂದಿನಿಂದ ಹಳಸಿದ ಮೀನಿನ ವಾಸನೆ ಏಳುತ್ತದೆ. ದ್ರಾಕ್ಷಿ ಸಿಪ್ಪೆಯ ಒಗರಾದ ಟ್ಯಾನಿನ್ ಇದಕ್ಕೆ ಕಾರಣ ಎಂದು ಬಹುಕಾಲ ನಂಬಲಾಗಿತ್ತು. ಆದರೆ ಟ್ಯಾನಿನ್ ಕಡಿಮೆಯಿರುವ ಬಿಳಿ ವೈನುಗಳಲ್ಲಿಯೂ ಕೆಲವು ಇದೇ ತೊಂದರೆ ಕೊಡುತ್ತಿದ್ದವು.

ಜಪಾನಿನ ಮರ್ಸಿಯನ್ ಎಂಬ ಮದ್ಯ ಕಂಪನಿಯ ಸಂಶೋಧಕರು 38 ಕೆಂಪು ಮತ್ತು 26 ಬಿಳಿ ವೈನುಗಳನ್ನು ಸ್ಕ್ಯಾಲಪ್ ಎಂಬ ಚಿಪ್ಪುಮೀನಿನ ಜೊತೆ ಅನುಭವಿ ರುಚಿಗಾರರಿಗೆ ಕೊಟ್ಟು, ಯಾವ ವೈನಿನಲ್ಲಿ ವಾಸನೆ ಎಷ್ಟು ಬರುತ್ತದೆ ಎಂದು ಅಂಕ ಹಾಕಿಸಿದರು. ಆಮೇಲೆ ಆ ಅಂಕಗಳನ್ನು ವೈನಿನ ಒಂದೊಂದು ಘಟಕದೊಡನೆ ಹೋಲಿಸಿ ನೋಡಿದರು. 2009ರಲ್ಲಿ ಅವರು ಪ್ರಕಟಿಸಿದ ಉತ್ತರ ಟ್ಯಾನಿನ್ ಆಗಿರಲಿಲ್ಲ, ಕಬ್ಬಿಣವಾಗಿತ್ತು. ಲೀಟರಿಗೆ ಸುಮಾರು 2 ಮಿಲಿಗ್ರಾಂ ದಾಟಿದ ಕಬ್ಬಿಣದ ಅಯಾನುಗಳು ಮೀನಿನ ಕೊಬ್ಬಿನ ಮೇಲೆ ಎರಗಿ, ಆ ಕ್ಷಣದಲ್ಲೇ ಅದನ್ನು ಒಡೆದು, ಹಳಸಲು ವಾಸನೆಯ ಆಲ್ಡಿಹೈಡುಗಳನ್ನು ಹುಟ್ಟಿಸುತ್ತಿದ್ದವು. ಕಬ್ಬಿಣವನ್ನು ಹಿಡಿದಿಡುವ ರಾಸಾಯನಿಕ ಸೇರಿಸಿದರೆ ಅದೇ ವೈನಿನಲ್ಲಿ ವಾಸನೆ ಅಡಗುತ್ತಿತ್ತು.

ಈಗ ಸಾಕೆಯ ಕಡೆ ತಿರುಗಿ. ಸಾಕೆ ತಯಾರಕರಿಗೆ ಕಬ್ಬಿಣದಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಕುಡಿಯುವ ನಲ್ಲಿ ನೀರಿನಲ್ಲಿ ಲೀಟರಿಗೆ 0.3 ಮಿಲಿಗ್ರಾಂವರೆಗೆ ಕಬ್ಬಿಣವಿರಲು ಜಪಾನ್ ಅನುಮತಿಸುತ್ತದೆ. ಸಾಕೆಗೆ ಬಳಸುವ ನೀರಿನಲ್ಲಿ ಅದು 0.02 ಮಿಲಿಗ್ರಾಂ ದಾಟಬಾರದು. ಮೀನಿನ ಮೇಲಿನ ಪ್ರೀತಿಯಿಂದ ಹುಟ್ಟಿದ ನಿಯಮವಲ್ಲ ಇದು. ಸಾಕೆ ಮಾಡಲು ಅಕ್ಕಿಯ ಮೇಲೆ ಬೆಳೆಸುವ ಬೂಷ್ಟು ತಯಾರಿಸುವ ಒಂದು ಚಿಕ್ಕ ಪೆಪ್ಟೈಡ್ ಕಬ್ಬಿಣ ಸಿಕ್ಕ ಕೂಡಲೇ ಅದನ್ನು ಅಪ್ಪಿಕೊಂಡು ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ತಿಳಿಯಾಗಿರಬೇಕಾದ ಸಾಕೆ ಕಂದಿ ಅದರ ಪರಿಮಳವೂ ಕೆಡುತ್ತದೆ. ಬಣ್ಣ ಕಾಪಾಡಲು ತಯಾರಕರು ಕಬ್ಬಿಣವಿಲ್ಲದ ಬುಗ್ಗೆಗಳನ್ನು ಹುಡುಕಿಕೊಂಡು ಹೋದರು. ಕೋಬೆ ಬಳಿಯ ನಾಡಾ ಪ್ರದೇಶ 1840ರಿಂದ ‘ಮಿಯಮಿಜು’ ಎಂಬ ಬಾವಿನೀರಿಗೆ ಹೆಸರಾಗಿದೆ. ಯೀಸ್ಟಿಗೆ ಬೇಕಾದ ಪೊಟ್ಯಾಸಿಯಂ, ರಂಜಕ ಅದರಲ್ಲಿ ಹೇರಳ, ಕಬ್ಬಿಣ ಮಾತ್ರ ಅತ್ಯಲ್ಪ. ಬಣ್ಣಕ್ಕಾಗಿ ಪಟ್ಟ ಪಾಡು ಮೀನಿನ ತಟ್ಟೆಗೆ ವರವಾಯಿತು.

ಅನ್ನದ ಮೇಲೆ ಬೆಳೆದ ಬಳಗ

ಜಗಳವಿಲ್ಲ ಎಂದ ಮಾತ್ರಕ್ಕೆ ಸ್ನೇಹವಿದೆ ಎಂದಾಗುವುದಿಲ್ಲ. ಸ್ನೇಹದ ಗುಟ್ಟು ಇರುವುದು ‘ಕೋಜಿ’ಯಲ್ಲಿ. ಹಬೆಯಲ್ಲಿ ಬೆಂದ ಅಕ್ಕಿಯ ಮೇಲೆ ಆಸ್ಪರ್ಜಿಲಸ್ ಒರೈಝೆ ಎಂಬ ಬೂಷ್ಟಿನ ಬೀಜಕಗಳನ್ನು ಉದುರಿಸಿ, ಬೆಚ್ಚಗಿನ ಕೋಣೆಯಲ್ಲಿ ಸುಮಾರು ಎರಡು ದಿನ ಜೋಪಾನವಾಗಿ ಕಾಯುತ್ತಾರೆ. ಕಾಳುಗಳ ಮೇಲೆ ಬಿಳಿಯ ನವಿರು ಹಬ್ಬುತ್ತದೆ. ಅದೇ ಕೋಜಿ. ನಮ್ಮ ಅಡುಗೆಮನೆಯಲ್ಲಿ ಬೂಷ್ಟು ಕಂಡರೆ ಎಸೆಯುತ್ತೇವೆ. ಜಪಾನಿನ ಅಡುಗೆಯೇ ಈ ಬೂಷ್ಟಿನ ಮೇಲೆ ನಿಂತಿದೆ. 2006ರಲ್ಲಿ ಜಪಾನಿನ ಮದ್ಯತಯಾರಿಕಾ ವಿಜ್ಞಾನಿಗಳ ಸಂಘ ಅದನ್ನು ‘ರಾಷ್ಟ್ರೀಯ ಶಿಲೀಂಧ್ರ’ ಎಂದು ಕರೆಯಿತು. ಕೋಜಿಯಿಂದ ಸಾಕೆ ಮಾಡುವ ಪರಂಪರಾಗತ ಕೌಶಲವನ್ನು 2024ರ ಡಿಸೆಂಬರಿನಲ್ಲಿ ಯುನೆಸ್ಕೊ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಬೂಷ್ಟು ಎರಡು ಬಗೆಯ ಕತ್ತರಿಗಳನ್ನು ಹಿಡಿದು ಕೆಲಸ ಮಾಡುತ್ತದೆ. ಅಮೈಲೇಸ್ ಕಿಣ್ವಗಳು ಪಿಷ್ಟದ ಉದ್ದನೆಯ ಸರಪಳಿಯನ್ನು ಕತ್ತರಿಸಿ ಗ್ಲೂಕೋಸ್ ಮಾಡುತ್ತವೆ. ಪ್ರೋಟಿಯೇಸ್ ಕಿಣ್ವಗಳು ಪ್ರೋಟೀನನ್ನು ಕತ್ತರಿಸಿ ಅಮೈನೊ ಆಮ್ಲಗಳಾಗಿಸುತ್ತವೆ. ಸಾಕೆಯ ತೊಟ್ಟಿಯಲ್ಲಿ ಕೋಜಿ ಸಕ್ಕರೆ ಮಾಡುತ್ತಿರುವಾಗಲೇ ಪಕ್ಕದಲ್ಲಿ ಯೀಸ್ಟ್ ಅದನ್ನು ಆಲ್ಕೊಹಾಲ್ ಮಾಡುತ್ತಿರುತ್ತದೆ. ಸಕ್ಕರೆ ಒಮ್ಮೆಲೇ ರಾಶಿಬೀಳದೆ ತುಸುತುಸುವೇ ಒದಗುವುದರಿಂದ ಯೀಸ್ಟ್ ಬಳಲುವುದಿಲ್ಲ. ಭಟ್ಟಿ ಇಳಿಸದೆಯೇ ಆಲ್ಕೊಹಾಲ್ ಶೇಕಡಾ 20ರ ಹತ್ತಿರ ಮುಟ್ಟುತ್ತದೆ. ಸಾಮಾನ್ಯವಾಗಿ ಅದಕ್ಕೆ ನೀರು ಬೆರೆಸಿ ಶೇಕಡಾ 15–16ಕ್ಕೆ ಇಳಿಸಿ ಬಾಟಲಿಗೆ ತುಂಬುತ್ತಾರೆ.

ಇದೇ ಕೋಜಿಯನ್ನು ಬೇಯಿಸಿದ ಸೋಯಾ ಕಾಳು ಮತ್ತು ಉಪ್ಪಿನೊಡನೆ ಕಲಸಿಟ್ಟರೆ ಮಿಸೊ. ಸೋಯಾ ಮತ್ತು ಗೋಧಿಯ ಮೇಲೆ ಅದನ್ನು ಬೆಳೆಸಿ ಉಪ್ಪುನೀರಿನಲ್ಲಿ ಹುದುಗಿಸಿದರೆ ಸೋಯಾ ಸಾಸ್. ಜಿಗುಟು ಅಕ್ಕಿಯ ಜೊತೆ ಸೇರಿಸಿದರೆ ಅಡುಗೆಗೆ ಸಿಹಿ ಕೊಡುವ ಮಿರಿನ್. ಜಪಾನಿನ ಊಟದ ಮುಂದೆ ಸಾಕೆಯ ಬಟ್ಟಲು ಇಟ್ಟಾಗ ಅಪರಿಚಿತರ ಭೇಟಿಯಾಗುವುದಿಲ್ಲ. ಒಂದೇ ತಾಯಿಯ ಮಕ್ಕಳು ಎದುರುಬದುರು ಕೂತಂತಾಗುತ್ತದೆ. ಯಾವ ತಟ್ಟೆಗೆ ಯಾವ ಸಾಕೆ ಎಂದು ಕೇಳಿದಾಗ ನಾನು ಮೊದಲು ಹುಡುಕುವುದು ಈ ನೆಂಟಸ್ತಿಕೆಯನ್ನೇ.

ಒಂದೂ ಒಂದೂ ಎಂಟಾಗುವ ಲೆಕ್ಕ

1908ರಲ್ಲಿ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಇಕೆದಾ ಕಿಕುನಾಯೆ, ಕೊಂಬು ಎಂಬ ಕಡಲಪಾಚಿಯ ಸಾರಿನಲ್ಲಿ ಸಿಹಿ, ಹುಳಿ, ಉಪ್ಪು, ಕಹಿ ಯಾವುದಕ್ಕೂ ಸೇರದ ಒಂದು ರುಚಿಯನ್ನು ಬೆನ್ನುಹತ್ತಿ ಗ್ಲುಟಮಿಕ್ ಆಮ್ಲವನ್ನು ಬೇರ್ಪಡಿಸಿದರು. ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. 1913ರಲ್ಲಿ ಅವರ ಶಿಷ್ಯ ಕೊದಾಮಾ ಶಿಂತಾರೊ, ಹೊಗೆ ಹಾಕಿ ಒಣಗಿಸಿದ ಬೊನಿಟೊ ಮೀನಿನಲ್ಲಿ ಇನೊಸಿನೇಟ್ ಎಂಬ ಇನ್ನೊಂದು ಉಮಾಮಿ ವಸ್ತುವನ್ನು ಗುರುತಿಸಿದರು. ಸೋಯಾ ಸಾಸ್ ಕಂಪನಿಯೊಂದರ ಸಂಶೋಧಕ ಕುನಿನಾಕಾ ಅಕಿರಾ 1950ರ ದಶಕದ ಕೊನೆಯ ಹೊತ್ತಿಗೆ ಈ ಬಗೆಯ ವಸ್ತುಗಳನ್ನು ಬೆರೆಸಿ ನೋಡಿದಾಗ ಅಚ್ಚರಿಯೊಂದು ಕಾದಿತ್ತು. ಗ್ಲುಟಮೇಟ್ ಮತ್ತು ಇನೊಸಿನೇಟ್ ಒಟ್ಟಿಗೆ ಸೇರಿದರೆ ರುಚಿ ಎರಡರಷ್ಟಾಗುವುದಿಲ್ಲ, ಏಳೆಂಟು ಪಟ್ಟಾಗುತ್ತದೆ.

ಏಕೆ ಎಂಬುದಕ್ಕೆ ನಾಲಿಗೆಯಲ್ಲೇ ಉತ್ತರ ಸಿಕ್ಕಿತು. 2002ರಲ್ಲಿ ಗುರುತಿಸಲಾದ ಉಮಾಮಿ ಗ್ರಾಹಕದ ಒಂದು ಭಾಗ, ಕೀಟ ಹಿಡಿಯುವ ಗಿಡದ ಎಲೆಯಂತೆ ಎರಡು ದಳಗಳಾಗಿ ತೆರೆದುಕೊಂಡಿರುತ್ತದೆ. ಗ್ಲುಟಮೇಟ್ ಒಳಗೆ ಕೂತರೆ ದಳಗಳು ಮುಚ್ಚಿಕೊಂಡು ಮಿದುಳಿಗೆ ಸುದ್ದಿ ಹೋಗುತ್ತದೆ. ಇನೊಸಿನೇಟ್ ಅದೇ ದಳಗಳ ಅಂಚಿನಲ್ಲಿ ಅಗುಳಿಯಂತೆ ಕೂತು, ಮುಚ್ಚಿದ್ದು ಬೇಗ ತೆರೆಯದಂತೆ ಹಿಡಿಯುತ್ತದೆ. ಸುದ್ದಿ ಹೋಗುತ್ತಲೇ ಇರುತ್ತದೆ.

ಈ ಲೆಕ್ಕವನ್ನು ಸಾಶಿಮಿಗೆ ಹಚ್ಚಿ ನೋಡಿ. ಮೀನು ಸತ್ತ ಮೇಲೆ ಅದರ ಸ್ನಾಯುವಿನ ಶಕ್ತಿದ್ರವ್ಯವಾದ ಎಟಿಪಿ ಒಡೆಯುತ್ತ ಹೋಗಿ ಇನೊಸಿನೇಟ್ ಕೂಡಿಕೊಳ್ಳುತ್ತದೆ. ಮೀನನ್ನು ತಂಪಿನಲ್ಲಿ ಕೆಲಕಾಲ ಇಟ್ಟು ಹದಕ್ಕೆ ತಂದು ಬಡಿಸುವ ಸುಶಿ ಬಾಣಸಿಗ ಕಾಯುವುದು ಇದಕ್ಕಾಗಿಯೇ. ಸಾಕೆಯಲ್ಲಿ ಗ್ಲುಟಮಿಕ್ ಆಮ್ಲವೂ ಸೇರಿ ಅಮೈನೊ ಆಮ್ಲಗಳು ವೈನಿಗಿಂತ ಹಲವು ಪಟ್ಟು ಹೆಚ್ಚು. ಮೀನು ಒಂದು ಕೈ ಚಾಚಿದರೆ ಸಾಕೆ ಇನ್ನೊಂದು ಕೈ ಚಾಚುತ್ತದೆ. ಎರಡೂ ಬೆಸೆಯುವುದು ನಾಲಿಗೆಯ ಮೇಲೆ. ಚಿಪ್ಪುಮೀನಿನ ವಿಷಯದಲ್ಲಿ ನಂಟು ಇನ್ನೂ ಹತ್ತಿರದ್ದು. ಮರುವಾಯಿಯ ಸಾರಿಗೆ ಅದರದೇ ಆದ ರುಚಿ ಕೊಡುವ ಸಕ್ಸಿನಿಕ್ ಆಮ್ಲ, ಸಾಕೆಯಲ್ಲಿ ಯೀಸ್ಟ್ ತಯಾರಿಸುವ ಮುಖ್ಯ ಆಮ್ಲಗಳಲ್ಲೊಂದು. ಸಾಕೆ ಹಾಕಿ ಹಬೆಯಲ್ಲಿ ಬೇಯಿಸಿದ ಚಿಪ್ಪುಮೀನು ಜಪಾನಿನ ಮನೆಮನೆಯ ಅಡುಗೆಯಾದದ್ದು ಸುಮ್ಮನೆ ಅಲ್ಲ.

ತೌಡಿನ ಜೊತೆ ಹೋದದ್ದು, ಕಾಳಿನಲ್ಲಿ ಉಳಿದದ್ದು

ಹಾಗಾದರೆ ದುಬಾರಿ ಸಾಕೆ ಎಲ್ಲ ಊಟಕ್ಕೂ ಶ್ರೇಷ್ಠವೇ? ಇಲ್ಲ. ಇಲ್ಲಿ ಅಕ್ಕಿಯ ಪಾಲಿಶ್ ಕಥೆ ಬರುತ್ತದೆ. ಪ್ರೋಟೀನ್, ಕೊಬ್ಬು, ಖನಿಜಗಳು ಕಾಳಿನ ಹೊರಪದರದಲ್ಲಿ ಹೆಚ್ಚು. ನಡುವಿನಲ್ಲಿರುವುದು ಬಹುಮಟ್ಟಿಗೆ ಪಿಷ್ಟ. ಊಟದ ಬಿಳಿ ಅಕ್ಕಿಗೆ ಕಾಳಿನ ಹತ್ತನೇ ಒಂದು ಪಾಲನ್ನು ತೌಡಾಗಿ ತೆಗೆಯುತ್ತಾರೆ. ‘ಗಿಂಜೊ’ ಸಾಕೆಗೆ ಕಾಳಿನ ಶೇಕಡಾ 60 ಅಥವಾ ಅದಕ್ಕಿಂತ ಕಡಿಮೆ ಉಳಿಯುವಂತೆ ಉಜ್ಜುತ್ತಾರೆ. ‘ದೈಗಿಂಜೊ’ಗೆ ಶೇಕಡಾ 50 ಅಥವಾ ಇನ್ನೂ ಕಡಿಮೆ. ಅರ್ಧ ಅಕ್ಕಿ ಪುಡಿಯಾಗಿ ಹೋಗಿರುತ್ತದೆ.

ಪ್ರೋಟೀನ್ ಹೋದರೆ ಉಮಾಮಿಯೂ ಇಳಿಯುತ್ತದೆ. ಬದಲಿಗೆ ಬರುವುದು ಪರಿಮಳ. ಕೊಬ್ಬು ಕಳೆದ ಅಕ್ಕಿಯ ಮೇಲೆ ತಂಪಿನಲ್ಲಿ, ನಿಧಾನವಾಗಿ ದುಡಿಯುವ ಯೀಸ್ಟ್ ಹಣ್ಣಿನ ವಾಸನೆಯ ಎಸ್ಟರುಗಳನ್ನು ಕೊಡುತ್ತದೆ. ಈಥೈಲ್ ಕ್ಯಾಪ್ರೊಯೇಟ್ ಸೇಬನ್ನು, ಐಸೊಅಮೈಲ್ ಅಸಿಟೇಟ್ ಬಾಳೆಹಣ್ಣನ್ನು ನೆನಪಿಸುತ್ತವೆ. ಇಂಥ ದೈಗಿಂಜೊವನ್ನು ಸೋಯಾ ಸಾಸಿನಲ್ಲಿ ಕುದಿಸಿದ ಮಾಂಸದ ಮುಂದಿಟ್ಟರೆ ಅದರ ಪರಿಮಳ ಅಲ್ಲೇ ಮುಳುಗಿಹೋಗುತ್ತದೆ. ಅದಕ್ಕೆ ಬೇಕಾದದ್ದು ನಿಂಬೆ ಹಿಂಡಿದ ಬಿಳಿ ಮೀನಿನ ಹೋಳು, ಗಿಡಮೂಲಿಕೆ ಉದುರಿಸಿದ ಸಲಾಡು, ವಿಯೆಟ್ನಾಮಿನ ಹಸಿ ಸೊಪ್ಪಿನ ಸುರುಳಿಗಳಂಥ ಹಗುರ ಸಂಗಾತಿಗಳು. ಕಡಿಮೆ ಉಜ್ಜಿದ, ಹೊರಗಿನ ಆಲ್ಕೊಹಾಲ್ ಬೆರೆಸದ ‘ಜುನ್ಮಾಯ್’ ಸಾಕೆ ಇದಕ್ಕೆ ವಿರುದ್ಧ. ಅದರಲ್ಲಿ ಅನ್ನದ ಮೈಯಿದೆ, ಅಮೈನೊ ಆಮ್ಲಗಳ ತೂಕವಿದೆ. ಬೆಂಕಿಯ ಮೇಲೆ ಸುಟ್ಟ ಕೋಳಿ, ಅಣಬೆ, ಮಿಸೊ ಹಚ್ಚಿದ ಬದನೆಕಾಯಿ ಅದರ ಪಂಕ್ತಿಯವು. ಬೆಲೆಯ ಏಣಿಯೂ ರುಚಿಯ ಏಣಿಯೂ ಬೇರೆಬೇರೆ ಎಂಬುದನ್ನು ಸಾಕೆಯಷ್ಟು ಸ್ಪಷ್ಟವಾಗಿ ಕಲಿಸುವ ಪಾನೀಯ ಕಡಿಮೆ.

ಇಡ್ಲಿ ಹಿಟ್ಟಿನ ನೆಂಟ

ಸಾಕೆಯ ತೊಟ್ಟಿಯನ್ನು ಕೆಡಿಸುವ ಸೂಕ್ಷ್ಮಜೀವಿಗಳನ್ನು ದೂರವಿಡಲು ಮೊದಲು ಹುಳಿ ಬೇಕು. 20ನೇ ಶತಮಾನದ ಆರಂಭದಿಂದ ತಯಾರಕರು ಲ್ಯಾಕ್ಟಿಕ್ ಆಮ್ಲವನ್ನು ನೇರವಾಗಿ ಸುರಿಯುತ್ತಾರೆ. ಅದಕ್ಕೂ ಹಿಂದಿನ ‘ಕಿಮೊತೊ’ ಪದ್ಧತಿಯಲ್ಲಿ ಹುಳಿ ತಾನಾಗಿಯೇ ಬರುವವರೆಗೆ ಕಾಯುತ್ತಿದ್ದರು. ಚಳಿಯಲ್ಲಿ ಅನ್ನ, ಕೋಜಿ, ನೀರನ್ನು ಕೋಲುಗಳಿಂದ ಅರೆದು ಇಟ್ಟರೆ, ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಮೊದಲು ತಲೆಯೆತ್ತುತ್ತದೆ. ಆಮೇಲೆ ಸಾಕೆಯ ಹೆಸರನ್ನೇ ಹೊತ್ತ ಲ್ಯಾಕ್ಟೊಬ್ಯಾಸಿಲಸ್ ಸಾಕೆಯ್ ಮುಂದುವರಿಸುತ್ತದೆ. ಹುಳಿಯೂ ಆಲ್ಕೊಹಾಲೂ ಏರಿದಂತೆ ಇವೆರಡೂ ಅಳಿದು ಯೀಸ್ಟಿಗೆ ಜಾಗ ಬಿಡುತ್ತವೆ. ಇಂದಿಗೂ ಕೆಲವು ಸಾಕೆ ಮನೆಗಳು ಈ ದಾರಿಯನ್ನು ಬಿಟ್ಟಿಲ್ಲ.

ಮೊದಲ ಬ್ಯಾಕ್ಟೀರಿಯಾದ ಹೆಸರು ನಮಗೆ ಹೊಸದು, ಕೆಲಸ ಹೊಸದಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟನ್ನು ಬೆಳಗಾಗುವುದರೊಳಗೆ ಉಬ್ಬಿಸಿ ಹುಳಿಗೊಳಿಸುವುದೂ ಮುಖ್ಯವಾಗಿ ಇದೇ ಲ್ಯೂಕೊನೊಸ್ಟಾಕ್. ಕೊರಿಯಾದ ಕಿಮ್ಚಿಯ ಜಾಡಿಯಲ್ಲಿ ಎಲೆಕೋಸು ಹುಳಿಯಾಗುವಾಗಲೂ ಇದೇ ಜೀವಿ ಮೊದಲು ಬರುತ್ತದೆ. ಅಲ್ಲಿಯೂ ಹಿಂದಿನಿಂದ ಲ್ಯಾಕ್ಟೊಬ್ಯಾಸಿಲಸ್ ಸಾಕೆಯ್ ಸೇರಿಕೊಳ್ಳುತ್ತದೆ. ಮೂರು ನಾಡುಗಳ ಮೂರು ಪಾತ್ರೆಗಳಲ್ಲಿ ಕೆಲಸಗಾರ ಒಬ್ಬನೇ.

ಕಿಮ್ಚಿ ಹಾಕಿದ ಹಂದಿಮಾಂಸದ ಸಾರಿಗೆ, ಕಿಮ್ಚಿ ಬೆರೆಸಿ ಹುರಿದ ಅನ್ನಕ್ಕೆ ಕಿಮೊತೊ ಸಾಕೆ ಒಗ್ಗುವುದರ ಹಿಂದೆ ಈ ನಂಟಿದೆ. ಅದರ ಹುಳಿ ನಿಂಬೆಯಂತೆ ಚುರುಕಲ್ಲ, ಮೊಸರಿನಂತೆ ಮಂದ. ಅದಕ್ಕೇ ಬೆಣ್ಣೆ, ಚೀಸ್ ಬಿದ್ದ ಹೊಸಕಾಲದ ಜಪಾನಿ ತಿನಿಸುಗಳೂ ಅದರೊಡನೆ ಸಲೀಸಾಗಿ ಹೋಗುತ್ತವೆ. ಬೂಷ್ಟಿನ ಬಳಗದ ಪಕ್ಕಕ್ಕೆ ಬ್ಯಾಕ್ಟೀರಿಯಾದ ಬಳಗವನ್ನೂ ಸೇರಿಸಿಕೊಂಡರೆ ಏಷ್ಯಾದ ಅರ್ಧ ಅಡುಗೆಮನೆ ಒಂದೇ ವಂಶವೃಕ್ಷದೊಳಗೆ ಬರುತ್ತದೆ.

ಬಿಸಿ ಮತ್ತು ಖಾರ

ಸಾಕೆಯ ತಾಪಕ್ಕೆ ಜಪಾನಿಯರು ಇಟ್ಟಿರುವ ಹೆಸರುಗಳು ಒಂದು ಚಿಕ್ಕ ಪಂಚಾಂಗದಂತಿವೆ. 5 ಡಿಗ್ರಿ ಸೆಲ್ಸಿಯಸ್ಸಿಗೆ ಹಿಮದ ತಂಪು, 10ಕ್ಕೆ ಹೂವಿನ ತಂಪು, 30ಕ್ಕೆ ಎಳೆಬಿಸಿಲಿನ ಬಿಸಿ, 35ಕ್ಕೆ ಮೈಬಿಸಿ, 40ಕ್ಕೆ ಉಗುರುಬೆಚ್ಚಗೆ, 50ಕ್ಕೆ ಸುಡುಬಿಸಿ. ಇದು ಬರಿಯ ಕಾವ್ಯವಲ್ಲ. ಸಿಹಿ ಮತ್ತು ಉಮಾಮಿಯ ಸುದ್ದಿಯನ್ನು ಮುಂದೆ ಕಳಿಸುವ ನಾಲಿಗೆಯ ಜೀವಕೋಶಗಳಲ್ಲಿ ಟಿಆರ್‌ಪಿಎಂ5 ಎಂಬ ಅಯಾನು ದ್ವಾರವಿದೆ. 15ರಿಂದ 35 ಡಿಗ್ರಿಗೆ ಏರುತ್ತ ಹೋದಂತೆ ಅದು ಹೆಚ್ಚು ಹೆಚ್ಚು ತೆರೆದುಕೊಳ್ಳುತ್ತದೆ ಎಂದು 2005ರಲ್ಲಿ ತೋರಿಸಲಾಯಿತು. ತಣ್ಣಗಿದ್ದಾಗ ಮುಚ್ಚಿಕೊಂಡಿದ್ದ ಜುನ್ಮಾಯ್ ಸಾಕೆ ಬೆಚ್ಚಗಾದೊಡನೆ ಸಿಹಿಯಾಗಿ, ದುಂಡಗಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಸಿಹಿ ಸೋಯಾ ಸಾಸ್ ಸವರಿ ಸುಟ್ಟ ಹಾವುಮೀನಿನಂಥ ಜಿಡ್ಡಿನ ತುತ್ತಿಗೆ ಬೆಚ್ಚಗಿನ ಗುಟುಕು ಸೇರಿದಾಗ ಕೊಬ್ಬು ನಾಲಿಗೆಗೆ ಮೆತ್ತಿಕೊಳ್ಳದೆ ಸಡಿಲವಾಗಿ ಇಳಿಯುತ್ತದೆ. ಗಿಂಜೊ ಸಾಕೆಯನ್ನು ಮಾತ್ರ ಹೆಚ್ಚು ಬಿಸಿ ಮಾಡಬಾರದು. ಅದರ ಹಣ್ಣಿನ ಪರಿಮಳವೆಲ್ಲ ಆವಿಯ ಜೊತೆ ಹಾರಿಹೋಗುತ್ತದೆ.

ಜಪಾನ್ ದಾಟಿ ಆಗ್ನೇಯ ಏಷ್ಯಾದ ಕಡೆ ನಡೆದರೆ ಎದುರಾಗುವುದು ಮೆಣಸಿನಕಾಯಿ. ಖಾರ ರುಚಿಯಲ್ಲ, ನೋವು. ಬಾಯಿ ಸುಟ್ಟಾಗ ಎಚ್ಚರಿಸುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನೇ ಕ್ಯಾಪ್ಸೈಸಿನ್ ಮೀಟುತ್ತದೆ. ಸಾಮಾನ್ಯವಾಗಿ ಸುಮಾರು 42 ಡಿಗ್ರಿಗೆ ಎಚ್ಚರಗೊಳ್ಳುವ ಈ ಗ್ರಾಹಕ, ಆಲ್ಕೊಹಾಲ್ ತಗುಲಿದಾಗ ಸುಮಾರು 34 ಡಿಗ್ರಿಗೇ ಎಚ್ಚರಗೊಳ್ಳುತ್ತದೆ ಎಂದು 2002ರ ಸಂಶೋಧನೆಯೊಂದು ತಿಳಿಸಿತು. ಅಂದರೆ ಬಾಯಿಯ ಸಹಜ ಬಿಸಿಯೇ ಉರಿಯಾಗಿ ತೋರಬಲ್ಲದು. ಥಾಯ್ ಹಸಿರು ಕರಿಯ ಮುಂದೆ ನೀರು ಬೆರೆಸದ, ಶೇಕಡಾ 18–19ರ ಗಡುಸು ಸಾಕೆ ಇಟ್ಟರೆ ಬೆಂಕಿಗೆ ಎಣ್ಣೆ ಸುರಿದಂತೆಯೇ. ಅಲ್ಲಿ ಸಲ್ಲುವುದು ‘ನಿಗೊರಿ’, ದಪ್ಪಬಟ್ಟೆಯಲ್ಲಿ ಸೋಸಿ ಅನ್ನದ ಬಿಳಿಗಸಿಯನ್ನು ಉಳಿಸಿಕೊಂಡ ಸಾಕೆ. ಅದರಲ್ಲೂ ಸಿಹಿ ಹೆಚ್ಚು, ಆಲ್ಕೊಹಾಲ್ ಕಡಿಮೆ ಇರುವುದನ್ನು ಆರಿಸಿ ಚೆನ್ನಾಗಿ ತಣ್ಣಗೆ ಮಾಡಿ ಕೊಟ್ಟರೆ ತಂಪು ಆ ಗ್ರಾಹಕವನ್ನು ಶಾಂತಗೊಳಿಸುತ್ತದೆ, ಸಿಹಿ ಉರಿಯನ್ನು ಮರೆಸುತ್ತದೆ. ಕರಿಯೊಳಗಿನ ತೆಂಗಿನಹಾಲಿಗೂ ಆ ಬಿಳಿಗಸಿಗೂ ನಯ ಒಂದೇ.

ಗಡಿ ದಾಟಿದ ತಟ್ಟೆ

ಮಿಶ್ರ ಏಷ್ಯನ್ ಅಡುಗೆಯ ಹೆಸರು ಎತ್ತಿದರೆ ನೊಬು ಮಾತ್ಸುಹಿಸಾ ಅವರನ್ನು ಬಿಡುವಂತಿಲ್ಲ. ಟೋಕಿಯೊದಲ್ಲಿ ಸುಶಿ ಕಲಿತು, 1973ರಲ್ಲಿ ಪೆರುವಿನ ಲಿಮಾ ನಗರಕ್ಕೆ ಹೋಗಿ, ಅಲ್ಲಿನ ನಿಂಬೆ, ಮೆಣಸಿನಕಾಯಿ, ಕೊತ್ತಂಬರಿಗಳನ್ನು ಹಸಿಮೀನಿನ ಜೊತೆ ಕೂಡಿಸಿದ ಬಾಣಸಿಗ ಅವರು. 1994ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಅವರ ರೆಸ್ಟೋರೆಂಟ್ ಮಿಸೊ ಹಚ್ಚಿದ ಬ್ಲ್ಯಾಕ್ ಕಾಡ್ ಮೀನನ್ನು ಜಗತ್ತಿನ ಬಾಯಿಗೆ ತಲುಪಿಸಿತು. ಆ ಮೀನನ್ನು ಎರಡು ಮೂರು ದಿನ ನೆನೆಹಾಕುವ ಮಸಾಲೆಯಲ್ಲಿ ಇರುವುದು ಮಿಸೊ, ಮಿರಿನ್, ಸಾಕೆ, ಸಕ್ಕರೆ. ಸಕ್ಕರೆ ಬಿಟ್ಟರೆ ಉಳಿದ ಮೂರೂ ಕೋಜಿಯ ಕೂಸುಗಳು. ತಟ್ಟೆ ಎಷ್ಟೇ ದೂರ ಹೋದರೂ ತವರನ್ನು ಬಿಟ್ಟಿಲ್ಲ. ಅದರ ಪಕ್ಕ ತುಂಬುಮೈಯ ಜುನ್ಮಾಯ್ ಇಟ್ಟರೆ ಸಾಕು. ಅದೇ ಅಡುಗೆಮನೆಯ ನಿಂಬೆ ಮೆಣಸಿನಕಾಯಿ ಸಾಶಿಮಿಗೆ ಮಾತ್ರ ತಣ್ಣಗಿನ, ಹಗುರ ಗಿಂಜೊ ಬೇಕು.

ಮಸಾಲೆ ಹುರಿದ ಕರಿಯ ಮುಂದೆ ಬಂದರೆ ನನ್ನ ಕೈ ಹೋಗುವುದು ‘ಕೊಶು’ವಿನ ಕಡೆ. ಕೊಶು ಎಂದರೆ ವರ್ಷಗಟ್ಟಲೆ ಇಟ್ಟು ಮಾಗಿಸಿದ ಸಾಕೆ. ಸಕ್ಕರೆಯೂ ಅಮೈನೊ ಆಮ್ಲಗಳೂ ನಿಧಾನವಾಗಿ ಬೆರೆತು ಅದು ಜೇನಿನ, ಕಾಫಿಯ ಬಣ್ಣಕ್ಕೆ ಇಳಿದಿರುತ್ತದೆ. ಅದರ ವಾಸನೆಗೆ ಮುಖ್ಯ ಕಾರಣಗಳಲ್ಲೊಂದು ಸೊಟೊಲಾನ್ ಎಂಬ ಅಣು. ಮೆಂತ್ಯದ ಕಾಳಿಗೆ ಅದರ ವಾಸನೆ ಕೊಡುವುದೂ ಇದೇ ಸೊಟೊಲಾನ್. ಮೆಂತ್ಯ ಬಿದ್ದ ಒಗ್ಗರಣೆಯ ಘಮ ಗೊತ್ತಿರುವ ಯಾರಿಗೂ ಮಾಗಿದ ಸಾಕೆಯ ಬಟ್ಟಲು ಪೂರ್ತಿ ಅಪರಿಚಿತ ಎನಿಸಲಾರದು. ಚೀನಾದ ಶಾವ್‌ಶಿಂಗ್ ಅಕ್ಕಿ ಮದ್ಯದಲ್ಲಿಯೂ ಈ ಅಣುವಿದೆ. ಆ ಮದ್ಯದಲ್ಲಿ ಸಣ್ಣ ಉರಿಯಲ್ಲಿ ಕುದಿಸಿದ ಹಂದಿಮಾಂಸಕ್ಕೂ ಕೊಶು ಒಗ್ಗುವುದು ಅದರಿಂದಲೇ.

ಜಪಾನಿನಲ್ಲಿ ಸಾಕೆಯ ಪಕ್ಕ ತಣ್ಣೀರಿನ ಲೋಟವೊಂದನ್ನು ಇಡುವ ರೂಢಿಯಿದೆ. ‘ಯವಾರಗಿ ಮಿಜು’, ಹದಗೊಳಿಸುವ ನೀರು ಎಂದು ಅದರ ಹೆಸರು. ಸಾಕೆ ಕುಡಿದಷ್ಟೇ ನೀರನ್ನೂ ಕುಡಿಯಿರಿ ಎನ್ನುತ್ತಾರೆ. ಆಲ್ಕೊಹಾಲ್ ಆಲ್ಕೊಹಾಲೇ, ದೇಹಕ್ಕೆ ಅದರ ಹಾನಿ ತಪ್ಪಿದ್ದಲ್ಲ. ಬಟ್ಟಲು ಚಿಕ್ಕದಾಗಿರಲಿ, ಗುಟುಕು ನಿಧಾನವಾಗಿರಲಿ. ರುಚಿಯ ಈ ಸೂಕ್ಷ್ಮಗಳೆಲ್ಲ ಕಾಣುವುದು ಮೊದಲ ಕೆಲವು ಗುಟುಕುಗಳಲ್ಲಿ ಮಾತ್ರ.

ಕೊನೆಗೆ ಸುಶಿಯ ಅನ್ನಕ್ಕೆ ಬರೋಣ. ಹುದುಗಿದ ರಾಶಿಯನ್ನು ಹಿಂಡಿದಾಗ ಸಾಕೆ ಒಂದು ಕಡೆ ಹರಿಯುತ್ತದೆ, ಬಿಳಿಯ ಹಿಂಡಿ ಚೀಲದಲ್ಲಿ ಉಳಿಯುತ್ತದೆ. 1804ರಲ್ಲಿ ಹಂಡಾ ಎಂಬ ಊರಿನ ಸಾಕೆ ತಯಾರಕ ನಕಾನೊ ಮತಾಜಾಯೆಮೊನ್ ಆ ಹಿಂಡಿಯಿಂದ ವಿನೆಗರ್ ತಯಾರಿಸಲು ತೊಡಗಿದರು. ಅದು ಹಡಗು ಹತ್ತಿ ಇಂದಿನ ಟೋಕಿಯೊ ಆದ ಎಡೊ ನಗರಕ್ಕೆ ಹೋಯಿತು. ಆಗತಾನೇ ಹುಟ್ಟುತ್ತಿದ್ದ ಕೈಮುಷ್ಟಿ ಸುಶಿಯ ಅನ್ನಕ್ಕೆ ಹುಳಿಯೂ ನಸುಗೆಂಪೂ ಕೊಟ್ಟಿತು. ಹಿಂಡಿಯಿಂದ ಮಾಡಿದ ಈ ಕೆಂಪು ವಿನೆಗರನ್ನು ಇಂದಿಗೂ ಬಳಸುವ ಸುಶಿ ಅಂಗಡಿಗಳು ಟೋಕಿಯೊದಲ್ಲಿವೆ. ಅಲ್ಲಿ ಒಂದು ತುತ್ತು ಸುಶಿ ತಿಂದು ಒಂದು ಗುಟುಕು ಸಾಕೆ ಕುಡಿದಾಗ, ಹಿಂಡಿದ ದಿನ ಬೇರೆಯಾಗಿ ಹೋದ ಹಿಂಡಿಯೂ ಸಾಕೆಯೂ ಬಾಯಿಯೊಳಗೆ ಮತ್ತೆ ಕೂಡಿಕೊಳ್ಳುತ್ತವೆ.